ಅರ್ಧಕ್ಕೆ ನಿಂತ ಕೌದಿಗಳು, ಎದುರಿಗೆ ಮಳೆಗಾಲ

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಹಳ್ಳಿ. ಸಣ್ಣ ಅಡಿಕೆ ತೋಟ, ಅಂಗಳದಲ್ಲಿ ಹೂವಿನ ಗಿಡ, ಹಿತ್ತಲಲ್ಲಿ ತರಕಾರಿ. ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವ ಆಸೆ ಮೊದಲಿಂದಲೂ ಇದೆ, ಈಗ ನಾಲ್ಕು ಕೌದಿ ಒಟ್ಟಿಗೇ ಅರ್ಧಕ್ಕೆ ನಿಂತಿವೆ. ಒಂದಕ್ಕೆ ತುಂಡು ಕತ್ತರಿಸಿ ಇಟ್ಟಿದ್ದು ಮಾತ್ರ. ಇನ್ನೊಂದರ ಮೇಲ್ಪದರ ಜೋಡಿಸಿ ಆಗಿದೆ, ಒಳಗೆ ಏನೂ ಹಾಕಿಲ್ಲ. ಮೂರನೆಯದು ಅರ್ಧ ಹೊಲಿದಾಗಿದೆ, ಹೋದ ಮಳೆಗಾಲದಲ್ಲಿ ಅದಕ್ಕೆ ಕಪ್ಪು ಚುಕ್ಕೆ ಬಂತು. ಮೊಮ್ಮಗುವಿನ ಚಿಕ್ಕ ಕೌದಿಗೆ ಅಂಚು ಮಾತ್ರ ಬಾಕಿ, ಅಷ್ಟರಲ್ಲಿ ಮಗು ನಡೆಯಲು ಶುರುಮಾಡಿತು. ಮಳೆ ಬಂದರೆ ಡೇರೆ ಹೂವಿನ ಗಡ್ಡೆ ಮತ್ತು ತರಕಾರಿ ಬೀಜ, ಚಳಿಗೆ ಅಡಿಕೆ, ಬೇಸಿಗೆಗೆ ಹಪ್ಪಳ, ಉಪ್ಪಿನಕಾಯಿ. ಈಗ ಮೇ ಎರಡನೇ ವಾರ. ಯಾವುದನ್ನು ಮೊದಲು ಹಿಡಿಯಲಿ, ಯಾವುದನ್ನು ಕೈಬಿಡಲಿ? ಕಾರವಾರದಲ್ಲಿರುವ ಮಗಳಿಗೂ ಒಂದು ಕೊಡಬೇಕು.

ಉತ್ತರ: ಒಂದನ್ನೂ ಕೈಬಿಡಬೇಡಿ. ನಾಲ್ಕರಲ್ಲಿ ಎರಡು ಈ ದೀಪಾವಳಿಯೊಳಗೆ ಖಂಡಿತ ಮುಗಿಯುತ್ತವೆ, ಮೂರನೆಯದು ಬರುವ ಬೇಸಿಗೆಗೆ ಮುಂಚೆ. ಕತ್ತರಿಸಿ ಇಟ್ಟ ತುಂಡುಗಳಿಗೆ ಮಾತ್ರ ಹೊಲಿಯುವ ಕ್ರಮವನ್ನೇ ಬದಲಿಸಬೇಕು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಕೌದಿ ಕೆಲಸ ಎಂದು ಒಂದೇ ಹೆಸರಲ್ಲಿ ಕರೆದರೂ ಅದರೊಳಗೆ ಮೂರು ಬೇರೆ ಕೆಲಸಗಳಿವೆ. ಸೀರೆ ಒಗೆಯುವುದು, ಬಣ್ಣ ಬಿಡುತ್ತದೆಯೇ ನೋಡುವುದು, ಒಣಗಿಸುವುದು ಬಿಸಿಲಿನ ಕೆಲಸ. ಪದರ ಹಾಸಿ, ಅವು ಜಾರದಂತೆ ತಾತ್ಕಾಲಿಕವಾಗಿ ಕಚ್ಚಾ ಹೊಲಿಗೆ ಹಾಕುವುದು ನೆಲದ ಕೆಲಸ. ಇದಕ್ಕೆ ಏಳೆಂಟು ಅಡಿ ಖಾಲಿ ಜಾಗ, ಒಣಗಿದ ನೆಲ, ಇನ್ನೊಂದು ಜೊತೆ ಕೈ ಬೇಕು. ಸಾಲು ಸಾಲಾಗಿ ಹೊಲಿಯುವುದು ಮಡಿಲ ಕೆಲಸ. ಬಿಸಿಲಿನ ಕೆಲಸವನ್ನೂ ನೆಲದ ಕೆಲಸವನ್ನೂ ಮಳೆಗಾಲಕ್ಕೆ ಇಟ್ಟುಕೊಂಡರೆ ಕೌದಿ ನಿಂತೇ ನಿಲ್ಲುತ್ತದೆ. ಜಗಲಿ ತಂಪು ಹಿಡಿದಿರುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಘಟ್ಟದ ಮೇಲಿನ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳು ಮತ್ತು ನವರಾತ್ರಿಯ ನಂತರದ ಬಿಸಿಲು ಮೊದಲ ಎರಡು ಕೆಲಸಕ್ಕೆ. ಪುನರ್ವಸು ಮಳೆಯಿಂದ ಆಶ್ಲೇಷ ಮಳೆಯವರೆಗೆ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ, ಮಡಿಲ ಕೆಲಸಕ್ಕೆ. ರೋಹಿಣಿ ಮಳೆ ಶುರುವಾಗುವ ಮೇ 25ರಿಂದ ಆರಿದ್ರೆ ಮುಗಿಯುವ ತನಕ ಬೀಜ, ಗಡ್ಡೆ, ಸಸಿ, ತೋಟಕ್ಕೆ ಔಷಧಿ ಎಂದು ಮನೆ ಪೂರ್ತಿ ಹೊರಗೇ ಇರುತ್ತದೆ. ಆ ಐದಾರು ವಾರ ಕೌದಿ ಮುಟ್ಟುವುದಿಲ್ಲ ಎಂದು ಮೊದಲೇ ನಿಶ್ಚಯಿಸಿಬಿಡಿ. ಹೊಲಿಯಲಾಗಲಿಲ್ಲ ಎಂಬ ಕೊರಗೂ ಇರುವುದಿಲ್ಲ, ಹೊಲಿಗೆಗೆಂದು ಡೇರೆ ಗಡ್ಡೆ ತಡವಾಗಿ ನೆಟ್ಟೆ ಎಂಬ ಬೇಸರವೂ ಇರುವುದಿಲ್ಲ.

ನಿಮ್ಮ ಕೈಲಿ ಈಗ ಸುಮಾರು ಎರಡು ವಾರದ ಬಿಸಿಲಿದೆ. ಅದನ್ನು ಹೀಗೆ ಬಳಸಿ.

ಮೊದಲು ಮಗುವಿನ ಕೌದಿ. ಮೂರು ಅಡಿಗೆ ನಾಲ್ಕು ಅಡಿ ಇದ್ದರೆ ಸುತ್ತಳತೆ 14 ಅಡಿ. ಮೂಲೆಯ ಮಡಿಕೆಗೂ ಜೋಡಣೆಗೂ ಸೇರಿಸಿ 15 ಅಡಿ ಪಟ್ಟಿ ಸಾಕು, ಅಗಲ ಎರಡೂವರೆ ಇಂಚು. ಅಂಚು ನೇರವಾಗಿರುವುದರಿಂದ ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ಅಗತ್ಯವಿಲ್ಲ. ಹಳೆಯ ಹತ್ತಿ ಸೀರೆಯ ದಡಿಯನ್ನೇ ಪಟ್ಟಿಯಾಗಿ ಬಳಸಿದರೆ ಒಂದು ಬದಿ ನೇಯ್ದ ಅಂಚೇ ಇರುತ್ತದೆ, ಎಳೆ ಬಿಚ್ಚುವುದಿಲ್ಲ. ಜರಿ ದಡಿ ಮಾತ್ರ ಬೇಡ, ಮಗುವಿನ ಕೆನ್ನೆಗೆ ತರಚುತ್ತದೆ. ಪಟ್ಟಿಯನ್ನು ಮೇಲ್ಮುಖದ ಮೇಲೆ ಮಗುಚಿ ಇಟ್ಟು ತುದಿಯಿಂದ ಅರ್ಧ ಇಂಚು ಒಳಗೆ ಹೊಲಿಯಿರಿ. ಹೊಲಿಗೆ ಯಂತ್ರವಿದ್ದರೆ ಈ ಒಂದು ಸುತ್ತು ಅದರಲ್ಲೇ ಆಗಲಿ. ಮೂಲೆಗೆ ಅರ್ಧ ಇಂಚು ಇರುವಾಗ ನಿಲ್ಲಿಸಿ, ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮತ್ತೆ ಮುಂದಿನ ಬದಿಯ ಗುಂಟ ಕೆಳಕ್ಕೆ ಮಡಚಿ ಮುಂದುವರಿಸಿದರೆ ಮೂಲೆ ಚೌಕವಾಗಿ ಕೂರುತ್ತದೆ. ಮೂಲೆಯಲ್ಲಿ ನಿಲ್ಲಿಸದೆ ಎಳೆದುಕೊಂಡು ಹೋದರೆ ಅಲ್ಲಿ ಪಟ್ಟಿ ಬಿಗಿದು ಕೌದಿಯ ಕಿವಿ ಮಡಚಿಕೊಳ್ಳುತ್ತದೆ. ಆಮೇಲೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಕೈಹೊಲಿಗೆ ಹಾಕಿ. ಒಂದು ಅಡಿಗೆ ಹತ್ತು ನಿಮಿಷ ಹಿಡಿದರೂ ಎರಡೂವರೆ ತಾಸಿನ ಕೆಲಸ. ಮಗು ನಡೆದರೇನಾಯಿತು, ಈ ಅಳತೆಯ ಹೊದಿಕೆ ನಾಲ್ಕು ವರ್ಷದ ಮಗುವಿಗೂ ಮಧ್ಯಾಹ್ನದ ನಿದ್ದೆಗೆ ಸಾಲುತ್ತದೆ. ಮುಗಿಯಲು ಹತ್ತಿರವಿರುವುದನ್ನು ಮೊದಲು ಮುಗಿಸುವುದರಿಂದ ಇನ್ನೊಂದು ಲಾಭವೂ ಇದೆ: ಗಂಟುಗಳಲ್ಲಿ ಒಂದು ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ಕಾಯಬೇಕಾದ್ದು ಮೂರೇ ಉಳಿಯುತ್ತದೆ.

ಎರಡನೆಯದು ಕಪ್ಪು ಚುಕ್ಕೆ ಬಂದ ಕೌದಿ. ಅದು ಬೂಷ್ಟು. ಬರಲು ಸಾಮಾನ್ಯವಾಗಿ ಮೂರು ಕಾರಣ. ಸೀರೆಗೆ ಹಾಕಿದ್ದ ಗಂಜಿ ಪೂರ್ತಿ ಹೋಗಿರುವುದಿಲ್ಲ. ಬೂಷ್ಟಿಗೂ ಜಿರಳೆಗೂ ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಗಂಜಿಯೇ ಊಟ. ಎರಡನೆಯದಾಗಿ, ಮಳೆಗಾಲಕ್ಕೆ ಭದ್ರವಾಗಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿರುತ್ತೇವೆ, ಬಟ್ಟೆಯಲ್ಲಿದ್ದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಬೆವರುತ್ತದೆ. ಮೂರನೆಯದು ಗೋಡೆಗೆ ತಾಗಿಸಿ ಇಡುವುದು. ಮಣ್ಣಿನ ಗೋಡೆಯಾಗಲಿ ಕಲ್ಲಿನ ಗೋಡೆಯಾಗಲಿ, ಆಷಾಢದಲ್ಲಿ ನೀರು ಕುಡಿದೇ ಇರುತ್ತದೆ.

ಅದನ್ನು ಮನೆಯೊಳಗೆ ಕೊಡವಬೇಡಿ, ಬೂಷ್ಟಿನ ಪುಡಿ ಉಳಿದ ಬಟ್ಟೆಗೂ ಹರಡುತ್ತದೆ. ಅಂಗಳದ ಬಿಸಿಲಿನಲ್ಲಿ ಹಾಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್‌ನಿಂದ ಉಜ್ಜಿ. ಆಮೇಲೆ ಕಚ್ಚಾ ಹೊಲಿಗೆ ಗಟ್ಟಿಯಿದೆಯೇ ನೋಡಿ. ಬಿಟ್ಟುಹೋದಲ್ಲಿ ಮತ್ತೆ ಹಾಕಿ, ಇಲ್ಲವಾದರೆ ಒಗೆಯುವಾಗ ಒಳಪದರ ಒಂದು ಬದಿಗೆ ಜಾರುತ್ತದೆ. ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ಅರ್ಧ ತಾಸು ನೆನೆಸಿ, ಕೈಯಿಂದ ಒತ್ತಿ ಒತ್ತಿ ತೊಳೆಯಿರಿ. ಹಿಂಡಬೇಡಿ, ಕಲ್ಲಿಗೆ ಬಡಿಯಲೂ ಬೇಡಿ. ಎರಡು ಪೂರ್ತಿ ದಿನ, ಮಗುಚಿ ಮಗುಚಿ ಒಣಗಬೇಕು. ಮೇಲೆ ಒಣಗಿದಂತೆ ಕಂಡರೂ ನಾಲ್ಕು ಪದರದ ಒಳಗೆ ತೇವ ಉಳಿದಿರುತ್ತದೆ. ಬಿಸಿಲಿನಿಂದ ತೆಗೆದು ನೆರಳಲ್ಲಿ ಒಂದು ತಾಸು ಬಿಟ್ಟು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೊಂದು ದಿನ ಬೇಕು.

ಇಷ್ಟಾದರೂ ಚುಕ್ಕೆ ಉಳಿದರೆ, ಬಿಳಿ ತೇಪೆಗಳ ಮೇಲೆ ಮಾತ್ರ ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಯಲ್ಲಿ ಅದ್ದಿ ಒತ್ತಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬಣ್ಣದ ತೇಪೆಗೆ ತಾಗಿಸಬೇಡಿ. ಹಳೆಯ ಕಪ್ಪು ಎಳೆಯೊಳಗೆ ಇಳಿದುಬಿಟ್ಟಿರುತ್ತದೆ, ಎಷ್ಟು ಉಜ್ಜಿದರೂ ಬಟ್ಟೆ ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಅಂಥ ಕಡೆ ಇನ್ನೊಂದು ತೇಪೆ ಕೂರಿಸಿ, ಕೌದಿಗೆ ಅದರಿಂದ ಏನೂ ಕೊರತೆಯಿಲ್ಲ. ಚುಕ್ಕೆಯ ಜೊತೆ ಕೆಂಪು ಕಂದು ಕಲೆಯೂ ಇದ್ದರೆ ಅದು ತುಕ್ಕು, ಬಟ್ಟೆಯಲ್ಲೇ ಬಿಟ್ಟ ಸೂಜಿ ಅಥವಾ ಗುಂಡುಪಿನ್ನಿನದು. ಲಿಂಬೆ ರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆದರೆ ಬಹುಪಾಲು ಹೋಗುತ್ತದೆ. ತುಕ್ಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ.

ಮೂರನೆಯದು ಜೋಡಿಸಿದ ಮೇಲ್ಪದರ. ರೋಹಿಣಿಗೆ ಮುಂಚೆ ಒಂದು ಅರ್ಧ ದಿನ ಇದಕ್ಕೆ ಕೊಡಿ. ಹಪ್ಪಳ ಒಣಗಿಸುವ ದಿನವೇ ಆಗಬಹುದು, ಕಾಗೆ ಓಡಿಸಲು ಯಾರಾದರೂ ಜಗಲಿಯಲ್ಲಿ ಇದ್ದೇ ಇರುತ್ತಾರೆ, ಹಾಸುವಾಗ ಇನ್ನೊಂದು ಬದಿ ಹಿಡಿಯಲು ಅವರೇ ಸಾಕು. ಬಟ್ಟೆಯ ಲೆಕ್ಕ ಹೇಳುತ್ತೇನೆ: ಒಬ್ಬರು ಮಲಗುವ ಕೌದಿ ಒಂದೂವರೆ ಮೀಟರ್ ಅಗಲ, 2.2 ಮೀಟರ್ ಉದ್ದ. ಐದೂವರೆ ಮೀಟರಿನ ಸೀರೆಯನ್ನು 2.25 ಮೀಟರಿನ ಎರಡು ತುಂಡು ಮಾಡಿ ಅಗಲಕ್ಕೆ ಜೋಡಿಸಿದರೆ ಅಗಲ ಎರಡೂಕಾಲು ಮೀಟರಿನಷ್ಟಾಗುತ್ತದೆ. ಒಂದೂವರೆ ತೆಗೆದು ಮುಕ್ಕಾಲು ಉಳಿಯುತ್ತದೆ. ಎರಡು ಸೀರೆಯ ಉಳಿಕೆ ಜೋಡಿಸಿದರೆ ಇನ್ನೊಂದು ಪದರ. ಹೀಗೆ ಎರಡು ಸೀರೆಯಲ್ಲಿ ಮೂರು ಪದರ ಸಿಗುತ್ತದೆ. ಶಿರಸಿಯ ಚಳಿಗೆ ಮೇಲಿನದು, ಅಡಿಯ ಅಸ್ತರು ಸೇರಿ ನಾಲ್ಕೈದು ಪದರ ಹಿತ. ಅದಕ್ಕಿಂತ ದಪ್ಪ ಮಾಡಿದರೆ ಸೂಜಿ ಎಳೆಯಲು ಬೆರಳು ಸೋಲುತ್ತದೆ, ಒಣಗುವುದೂ ಕಷ್ಟ.

ಹಾಸುವ ಮುಂಚೆ ಎಲ್ಲ ಸೀರೆಯ ಗಂಜಿ ಹೋಗುವಂತೆ ಒಗೆದಿರಬೇಕು. ಕಡುಗೆಂಪು, ನೀಲಿ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಹತ್ತು ನಿಮಿಷ ಒತ್ತಿಡಿ. ಬಣ್ಣ ಹತ್ತಿದರೆ ಅದು ಒಳಪದರಕ್ಕೂ ಬೇಡ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದನ್ನು ನಂಬಿ ಕೂರಬೇಡಿ, ನಾಲ್ಕನೇ ಒಗೆತದಲ್ಲಿ ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ. ಅಸ್ತರಿಗೆ ಹೊಸ ಬಟ್ಟೆ ತಂದಿದ್ದರೆ ಒಮ್ಮೆ ನೆನೆಸಿ ಒಣಗಿಸಿ. ಹೊಸದು ಕುಗ್ಗುತ್ತದೆ, ಹಳೆ ಸೀರೆ ಕುಗ್ಗಿ ಮುಗಿದಿರುತ್ತದೆ. ಎರಡೂ ಸೇರಿದ ಕೌದಿ ಮೊದಲ ಒಗೆತಕ್ಕೇ ಮುದುಡುವುದು ಇದರಿಂದ. ನೈಲೆಕ್ಸ್, ಪಾಲಿಯೆಸ್ಟರ್ ಸೀರೆಗಳನ್ನು ಹತ್ತಿಯ ಜೊತೆ ಬೆರೆಸಬೇಡಿ. ಅವು ಜಾರುತ್ತವೆ, ಬೆವರು ಹೀರುವುದಿಲ್ಲ.

ಒಳಪದರದ ಸೀರೆಗಳ ದಡಿ ಕತ್ತರಿಸಿ ತೆಗೆಯಿರಿ, ಸೂಜಿ ಮುರಿಯುವುದು ಅಲ್ಲೇ. ಅಸ್ತರನ್ನು ಒಳಮುಖ ಮೇಲೆ ಮಾಡಿ ಹಾಸಿ, ಒದ್ದೆ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ನಾಲ್ಕು ಮೂಲೆಗೆ ಮಣೆ ಇಡಿ. ಸವರಿದ ತೇವ ಆರಿದ ಮೇಲೆ ಮುಂದಿನ ಪದರ. ಅಸ್ತರು ನಾಲ್ಕೂ ಬದಿಗೆ ಎರಡು ಇಂಚು ಹೆಚ್ಚಿರಲಿ. ಪದರಗಳ ಜೋಡಣೆ ಗೆರೆ ಒಂದರ ಮೇಲೊಂದು ಬಾರದಂತೆ ನಾಲ್ಕು ಬೆರಳು ಆಚೀಚೆ ಮಾಡಿ. ಕಚ್ಚಾ ಹೊಲಿಗೆಯನ್ನು ನಡುವಿನಿಂದ ಅಂಚಿಗೆ ಹಾಕುತ್ತ ಹೋಗಿ. ವಾರದೊಳಗೆ ಹೊಲಿಯಲು ಕೂರುವುದಾದರೆ ಗೇಣಿಗೊಂದು ಸಾಲು ಸಾಕು, ನಿಮ್ಮದು ಎರಡು ತಿಂಗಳು ಕಾಯಬೇಕಾದ್ದು, ಅರ್ಧ ಗೇಣಿಗೊಂದು ಹಾಕಿ, ಅಡ್ಡಕ್ಕೂ ಉದ್ದಕ್ಕೂ. ದಾರ ಬಿಳಿಯದೇ ಇರಲಿ. ಕೆಂಪು ಕಚ್ಚಾ ದಾರ ತೇವಕ್ಕೆ ಬಣ್ಣ ಬಿಟ್ಟರೆ ಗೆರೆ ಉಳಿದುಬಿಡುತ್ತದೆ. ಆಮೇಲೆ ಮಡಚಬೇಡಿ. ನಯ ಮಾಡಿದ ಅಡಿಕೆ ದಬ್ಬೆಗೆ ಹಳೆ ಪಂಚೆ ಸುತ್ತಿ, ಅದರ ಮೇಲೆ ಚಾಪೆಯಂತೆ ಸುತ್ತಿಡಿ. ಮಡಚಿದ ಕೌದಿಯ ಮಡಿಕೆಯಲ್ಲಿ ಕಚ್ಚಾ ದಾರ ಕಡಿಯುತ್ತದೆ, ಒಳಗೆ ನೆರಿಗೆ ಕೂರುತ್ತದೆ. ಮೇ ಮುಗಿಯುವುದರೊಳಗೆ ಇದು ಆಗದಿದ್ದರೆ ಅಕ್ಟೋಬರಿಗೆ ಬಿಡಿ. ಮೃಗಶಿರೆಯ ತೇವದ ಜಗಲಿಯಲ್ಲಿ ಹಾಸಬೇಡಿ.

ಮಳೆಗಾಲಕ್ಕೆ ಇಡುವ ಮೊದಲು ಒಂದೊಂದು ಕೌದಿಗೂ ಒಂದೊಂದು ಚೀಲ ಮಾಡಿ. ಹಳೆ ದಿಂಬಿನ ಚೀಲ ಸಾಕು, ಸುತ್ತಿಟ್ಟ ಕೌದಿಗೆ ಹಳೆ ಪಂಚೆ. ಅದೇ ಚೀಲದಲ್ಲಿ ಆ ಕೌದಿಯ ದಾರದ ರೀಲು, ಉಳಿದ ತೇಪೆ ಬಟ್ಟೆ, ಮತ್ತು ಒಂದು ಚಿಂದಿಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಚೀಟಿ. ಚೀಟಿಯಲ್ಲಿ ‘ಅರ್ಧ ಆಗಿದೆ’ ಎಂದು ಬರೆದರೆ ಮೂರು ತಿಂಗಳ ನಂತರ ಏನೂ ತಿಳಿಯುವುದಿಲ್ಲ. ಮುಂದೆ ಕೈ ಹಾಕಬೇಕಾದ್ದನ್ನು ಬರೆಯಿರಿ: ‘ಬಲಬದಿಯಿಂದ, ಎರಡು ಸಾಲಿನ ನಡುವೆ ಒಂದು ಬೆರಳು, ಒಂಟಿ ದಾರ, ಹಸಿರು ಅಂಚು.’ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ಬಿಡಬೇಡಿ. ದಾರದ ತುದಿ ಗಂಟು ಹಾಕಿ ಕತ್ತರಿಸಿ, ಸೂಜಿ ಡಬ್ಬಿಗೆ ಸೇರಲಿ. ಚೀಲವನ್ನು ಗೋಡೆಗೆ ತಾಗದಂತೆ ಗಳಕ್ಕೆ ತೂಗುಹಾಕಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಮಸಿ ಬಿಳಿ ಬಟ್ಟೆಗೆ ಕೂತರೆ ಹೋಗುವುದಿಲ್ಲ, ಎರಡು ಸುತ್ತು ಬಟ್ಟೆ ಬೇಕು. ಹುಳಕ್ಕೆ ಲಾವಂಚದ ಬೇರು ಅಥವಾ ಗರಿಗರಿ ಒಣಗಿದ ಲಕ್ಕಿ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಇಡಿ. ಅರೆ ಒಣಗಿದ ಸೊಪ್ಪು ತಾನೇ ಬೂಷ್ಟು ತರುತ್ತದೆ. ಮಳೆಯ ನಡುವೆ ಬಿಸಿಲು ಬಂದ ದಿನ ಚೀಲ ಬಿಚ್ಚಿ ಎರಡು ತಾಸು ಗಾಳಿಗೆ ಹಾಕಿ, ಅಷ್ಟು ಮಾಡಿದರೆ ಈ ವರ್ಷ ಚುಕ್ಕೆ ಬಾರದು.

ಇನ್ನು ಹೊಲಿಗೆ. ತಾಸಿನ ಲೆಕ್ಕ ಬಿಟ್ಟು ಸಾಲಿನ ಲೆಕ್ಕ ಹಿಡಿಯಿರಿ. ಒಂದೂವರೆ ಮೀಟರ್ ಅಗಲದಲ್ಲಿ ಎರಡು ಸೆಂಟಿಮೀಟರಿಗೊಂದು ಸಾಲು ಎಂದರೆ 75 ಸಾಲು. ಒಂದು ಸಾಲು 2.2 ಮೀಟರ್, ಪದರಗಳ ಮೇಲೆ ಕೆಳಗೆ ಹೋಗಿ ಬರುವ ದಾರ ಸೇರಿದರೆ ಎರಡೂವರೆ ಮೀಟರ್. ಪಳಗಿದ ಕೈಗೆ ಒಂದು ಸಾಲಿಗೆ ಕಾಲು ತಾಸು. ನಿಮ್ಮ ಅರ್ಧ ಕೌದಿಯಲ್ಲಿ ಉಳಿದಿರುವುದು ಸುಮಾರು 38 ಸಾಲು, ದಿನಕ್ಕೆರಡರಂತೆ 19 ದಿನ. ಆಷಾಢ, ಶ್ರಾವಣದ ಮಳೆಯಲ್ಲಿ ನಡುನಡುವೆ ದಿನ ತಪ್ಪಿದರೂ ಮಘೆ ಮಳೆ ಬರುವ ಹೊತ್ತಿಗೆ ಮುಗಿಯುತ್ತದೆ. ದಾರವನ್ನು ಒಂದೂವರೆ ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬೇಡಿ, ಉದ್ದವಾದಷ್ಟೂ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತುದಿ ಸವೆಯುತ್ತದೆ. ಈ ಅಳತೆಯಲ್ಲಿ ಒಂದು ಸಾಲಿಗೆ ಐದು ಬಾರಿ ದಾರ ಪೋಣಿಸಬೇಕಾಗುತ್ತದೆ. ಬೆಳಗಿನ ಬೆಳಕಲ್ಲಿ ಯಾರಿಂದಲಾದರೂ ಹತ್ತು ಸೂಜಿಗೆ ದಾರ ಹಾಕಿಸಿಟ್ಟುಕೊಂಡರೆ ಆ ದಿನದ ಎರಡು ಸಾಲಿಗೆ ಸರಿಯಾಗುತ್ತದೆ. ಗಂಟಿಗೂ ತುದಿಗೂ ಹೋಗುವುದು ಸೇರಿ ಪೂರ್ತಿ ಕೌದಿಗೆ ಒಂಟಿ ದಾರದಲ್ಲಿ 250 ಮೀಟರ್ ಬೇಕು, ಮೊದಲೇ ಒಂದೇ ಬಾರಿ ತಂದಿಡಿ. ಅರ್ಧದಲ್ಲಿ ಬೇರೆ ರೀಲು ತಂದರೆ ಬಿಳಿಗೂ ಬಿಳಿಗೂ ವ್ಯತ್ಯಾಸ ಕಾಣುತ್ತದೆ. ಸೂಜಿ ಉದ್ದವಾಗಿ ಸಪೂರವಾಗಿರಲಿ. ದಬ್ಬಣದಿಂದ ಹೊಲಿದರೆ ಹಳೆ ಸೀರೆಯಲ್ಲಿ ತೂತು ಉಳಿದು ಅಲ್ಲಿಂದಲೇ ಹರಿಯುತ್ತದೆ. ನಡುಬೆರಳಿಗೆ ಅಂಗುಸ್ತಾನ ಬೇಕೇಬೇಕು.

ಬಹಳ ದಿನ ಬಿಟ್ಟ ಕೌದಿಯನ್ನು ಮತ್ತೆ ಹಿಡಿದಾಗ ಆಗುವ ತಪ್ಪು ಒಂದೇ: ನಿಲ್ಲಿಸಿದ ಸಾಲಿನ ಪಕ್ಕದಿಂದಲೇ ನೇರ ಮುಂದುವರಿಸುವುದು. ಕೈಯ ಬಿಗಿ ಅಂದಿನಂತೆ ಇಂದು ಇರುವುದಿಲ್ಲ. ಹೊಸ ಅರ್ಧ ಬಿಗಿಯಾಗಿ, ಹಳೆ ಅರ್ಧ ಸಡಿಲಾಗಿ, ನಡುವೆ ಉಬ್ಬು ಬರುತ್ತದೆ, ಅಸ್ತರಿನಲ್ಲಿ ಸುಕ್ಕು. ಮೊದಲು ಒಂದು ಚಿಂದಿಯ ಮೇಲೆ ಎರಡು ಗೇಣು ಹೊಲಿದು ಹಳೆ ಸಾಲಿನ ಜೊತೆ ಹಿಡಿದು ನೋಡಿ. ಆಮೇಲೆ ಉಳಿದ ಅರ್ಧದ ಉದ್ದಕ್ಕೂ ನಾಲ್ಕು ಬೆರಳಿಗೊಂದು ಸಾಲು ಮಾತ್ರ ಹಾಕಿ ಅಂಚಿನ ತನಕ ಹೋಗಿ. ಪದರಗಳು ಅಲ್ಲಲ್ಲಿ ಹಿಡಿದುಕೊಂಡ ಮೇಲೆ ನಡುವಿನ ಸಾಲುಗಳನ್ನು ತುಂಬುತ್ತ ಬನ್ನಿ. ಹೀಗೆ ಮಾಡಿದರೆ ಸ್ವಲ್ಪ ಬಿಗಿ ಸಡಿಲ ಎಲ್ಲ ಕಡೆ ಹಂಚಿಹೋಗಿ ಕಾಣುವುದಿಲ್ಲ. ಸುಕ್ಕು ಈಗಾಗಲೇ ಬಿದ್ದಿದ್ದರೆ ಎಳೆದು ಸರಿಮಾಡಲು ಹೋಗಬೇಡಿ, ಆ ಮೂರು ನಾಲ್ಕು ಸಾಲು ಬಿಚ್ಚಿ.

ತೋಟ ಮತ್ತು ಸೂಜಿಯ ನಡುವಿನ ಹೊಂದಾಣಿಕೆ ಮಳೆಯೇ ಮಾಡಿಕೊಡುತ್ತದೆ. ಹೊಳವಾದಾಗ ಗಿಡದ ಕಡೆ, ಜಡಿ ಹಿಡಿದಾಗ ಹೊಲಿಗೆಯ ಕಡೆ. ಆದರೆ ಜುಲೈನಲ್ಲಿ ಗಿಡದ ಕೆಲಸ ಕಡಿಮೆ ಇರಬೇಕಾದರೆ ಜೂನಿನಲ್ಲೇ ಮಾಡಿಡಬೇಕಾದ್ದು ಕೆಲವಿದೆ. ಡೇರೆಗೆ ಒಂದಡಿ ಎತ್ತರದ ಏರಿ ಮಾಡಿ, ಗಡ್ಡೆ ನೆಡುವಾಗಲೇ ಬಿದಿರು ಕಡ್ಡಿ ಊರಿ. ಆಮೇಲೆ ಊರಲು ಹೋದರೆ ಗಡ್ಡೆಗೆ ಚುಚ್ಚಿ ಕೊಳೆಯುತ್ತದೆ, ಕಡ್ಡಿಯಿಲ್ಲದ ಗಿಡ ಗಾಳಿಮಳೆಗೆ ಮಲಗಿ ದಿನಾ ಎತ್ತಿ ಕಟ್ಟುವ ಕೆಲಸ ತರುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ, ಗಿಡ ಗಿಡ್ಡಾಗಿ ಕವಲೊಡೆಯುತ್ತದೆ. ಬುಡಕ್ಕೆ ಒಣ ಎಲೆಯ ದರಕು ಮುಚ್ಚಿದರೆ ಕಳೆ ಕೀಳುವುದು ತಪ್ಪುತ್ತದೆ, ಆದರೆ ಕಾಂಡದಿಂದ ಒಂದು ಗೇಣು ದೂರ ಬಿಡಿ, ಬಸವನಹುಳು ಅದರಡಿಯಲ್ಲೇ ಮನೆ ಮಾಡುತ್ತದೆ. ಹೀರೆ, ಸೌತೆ, ಬೆಂಡೆ ಬೀಜ ಒಂದೇ ದಿನ ಹಾಕದೆ ಹದಿನೈದು ದಿನದ ಅಂತರದಲ್ಲಿ ಎರಡು ಸಲ ಹಾಕಿ. ಚಪ್ಪರ ಕಟ್ಟುವುದು, ಕೊಯ್ಯುವುದು ಎಲ್ಲ ಒಂದೇ ವಾರಕ್ಕೆ ಒಟ್ಟಾಗುವುದಿಲ್ಲ. ದಿನಾ ತಪ್ಪಿಸಬಾರದ ಕೆಲಸ ಹುಳು ಆರಿಸುವುದು, ನೀರು ನಿಂತಿದೆಯೇ ನೋಡುವುದು, ಇಷ್ಟೇ. ಕಾಲು ತಾಸು. ಮಿಕ್ಕಿದ್ದು ವಾರಕ್ಕೊಮ್ಮೆ ಸಾಕು.

ಕೈಯ ವಿಷಯ ಸಣ್ಣದೆಂದು ಬಿಡಬೇಡಿ. ಮಣ್ಣು, ನೀರಿನಲ್ಲಿ ನೆನೆದ ಬೆರಳಿಗೆ ಸೂಜಿ ಬೇಗ ಚುಚ್ಚುತ್ತದೆ, ಹೊರಗಿನಿಂದ ಬಂದು ಒಂದು ತಾಸು ಬಿಟ್ಟು ಹೊಲಿಯಲು ಕೂರಿ. ಊಟವಾಗಿ ಪಾತ್ರೆ ಕೆಲಸ ಮುಗಿದ ಮೇಲಿನ ಎರಡೂವರೆಯಿಂದ ಮೂರೂವರೆ ಅನುಕೂಲದ ಹೊತ್ತು, ಕಿಟಕಿಯ ಬೆಳಕು ಎಡಗಡೆಯಿಂದ ಬೀಳಲಿ. ಬಾಳೆಯ ಸೊನೆ, ಗೇರಿನ ಸೊನೆ ಹತ್ತಿದ ಕೈ ಬಿಳಿ ಬಟ್ಟೆಗೆ ತಾಗಿದರೆ ಆ ಕಲೆ ಕೌದಿ ಇರುವ ತನಕ ಇರುತ್ತದೆ. ಅಡಿಕೆ ಸುಲಿದ ಕೈಯೂ ಹಾಗೆಯೇ, ಆದ್ದರಿಂದ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ ದಿನ ಹೊಲಿಗೆ ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನವೂ ಬೇಡ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡಿದ ಕೈಯ ಚರ್ಮ ಒಡೆದಿರುತ್ತದೆ, ದಾರದ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಅಂದು ಆಳುಗಳ ಊಟ, ಚಹಾ ಇದ್ದೇ ಇರುತ್ತದೆ. ಒರಟಾದ ಕೈಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಹೊಲಿಯುವ ಮುಂಚೆ ಕಡಲೆಹಿಟ್ಟಿನಲ್ಲಿ ತೊಳೆಯಿರಿ.

ಈಗ ಕತ್ತರಿಸಿಟ್ಟ ತುಂಡುಗಳು. ಇವನ್ನು ಮೊದಲು ಜೋಡಿಸಿ ಮೇಲ್ಪದರ ಮಾಡಿ, ಆಮೇಲೆ ಹಾಸಿ, ಆಮೇಲೆ ಹೊಲಿಯುವ ಕ್ರಮ ನಿಮ್ಮಂಥ ಮನೆಗೆ ಉದ್ದವಾಯಿತು. ನಮ್ಮ ಜಿಲ್ಲೆಯಲ್ಲೇ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಕ್ರಮ ಇದಕ್ಕೆ ಬಹಳ ಒಪ್ಪುತ್ತದೆ. ಅವರು ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ತುಂಡು ಕೂರಿಸುತ್ತಲೇ ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಜೋಡಿಸುವುದು ಮತ್ತು ಹೊಲಿಯುವುದು ಒಂದೇ ಕೆಲಸವಾಗುವುದರಿಂದ ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಮಡಿಲಲ್ಲೇ ನಡೆಯುತ್ತದೆ. ಗಂಡಸರು ಪೇಟೆಯಿಂದ ಬರುವ ತನಕ ಸಿಗುವ ಇಪ್ಪತ್ತು ನಿಮಿಷವೂ ವ್ಯರ್ಥವಾಗುವುದಿಲ್ಲ.

ಅಸ್ತರು ಹಾಸಿ, ಅದರ ಮೇಲೆ ಒಳಪದರ ಇಟ್ಟು, ಗೇಣಿಗೊಂದರಂತೆ ಸಡಿಲ ಗಂಟು ಹಾಕಿಕೊಳ್ಳಿ. ಅಸ್ತರಿನ ಅಂಚನ್ನು ಒಂದು ಇಂಚು ಒಳಕ್ಕೆ ಮಡಚಿ. ಮೂಲೆಯಲ್ಲಿ ಮೊದಲ ತುಂಡನ್ನು, ಅದರ ಕತ್ತರಿಸಿದ ಅಂಚು ಒಳಗೆ ಹೋಗುವಂತೆ ಮಡಚಿ ಇಟ್ಟು, ಅಂಚಿನ ಪಕ್ಕದಲ್ಲೇ ಸಾಲು ಹಾಕಿ. ಮುಂದಿನ ತುಂಡು ಹಿಂದಿನದರ ಮೇಲೆ ಅರ್ಧ ಇಂಚು ಏರಲಿ, ಏರಿದ ಅಂಚೂ ಮಡಚಿರಲಿ. ಒಂದು ಸುತ್ತು ಮುಗಿದರೆ ಬೆರಳಗಲ ಒಳಗೆ ಇನ್ನೊಂದು ಸುತ್ತು. ತುಂಡಿನ ಒಳಬದಿ ಮುಗಿಯುತ್ತ ಬಂದಾಗ ಅದರ ಮೇಲೆ ಮುಂದಿನ ಸಾಲಿನ ತುಂಡು. ಪ್ರತಿ ಬಾರಿ ಹೊಲಿಯುವ ಮುಂಚೆ ಎಡಗೈಯಿಂದ ಒಳಪದರವನ್ನು ನಡುವಿನ ಕಡೆ ಸವರಿ. ಹೆಚ್ಚಾದ ಬಟ್ಟೆ ಎಲ್ಲ ನಡುವಿಗೆ ಸರಿದು ಬರುತ್ತದೆ. ಕೊನೆಯಲ್ಲಿ ಅಂಗೈಯಗಲ ಜಾಗ ಉಳಿದಾಗ ಒಳಪದರ ಉಬ್ಬಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು, ಒಂದು ಒಳ್ಳೆಯ ತುಂಡಿನಿಂದ ಮುಚ್ಚಿ. ಸಿದ್ದಿಯರು ನಾಲ್ಕು ಮೂಲೆಗೆ ಬಟ್ಟೆಯನ್ನು ಮುಮ್ಮೂಲೆಯಾಗಿ ಮಡಚಿದ ‘ಫೂಲ’ ಇಡುತ್ತಾರೆ, ಅದಿಲ್ಲದ ಕೌದಿಯನ್ನು ಅವರು ಪೂರ್ತಿಯಾದದ್ದೆಂದು ಒಪ್ಪುವುದಿಲ್ಲ. ಕ್ರಮ ಅವರದ್ದು ತೆಗೆದುಕೊಂಡ ಮೇಲೆ ಫೂಲವನ್ನೂ ಇಡಿ.

ನೀವು ಕತ್ತರಿಸಿದ ತುಂಡುಗಳ ಶಕ್ತಿ ನೋಡಿಕೊಳ್ಳಿ. ಎರಡೂ ಹೆಬ್ಬೆರಳಿನ ನಡುವೆ ಹಿಡಿದು ಗಟ್ಟಿಯಾಗಿ ಎಳೆಯಿರಿ. ಹರಿದರೆ ಅದು ಮೇಲೆ ಬೇಡ, ಒಳಪದರಕ್ಕೆ. ಒಳಗೂ ಬೇಡದಷ್ಟು ಸವೆದಿದ್ದರೆ ಕಾಲೊರಸು ಮಾಡಿ.

ಮಗಳಿಗೆ ಕೊಡಬೇಕಾದ್ದು ಇದನ್ನೇ, ಒಳಗೆ ಒಂದೇ ಪದರ ಹಾಕಿ. ಕಾರವಾರದ ಸೆಕೆಗೆ ನಾಲ್ಕು ಪದರದ ಕೌದಿ ಕಪಾಟಿನಲ್ಲೇ ಉಳಿಯುತ್ತದೆ. ಅಲ್ಲಿ ಹೊದೆಯುವುದಕ್ಕಿಂತ ಹಾಸುವುದು ಹೆಚ್ಚು. ಸಮುದ್ರದ ಹತ್ತಿರದ ಮನೆಗಳಲ್ಲಿ ಬಾವಿ ನೀರು ಉಪ್ಪಾಗಿದ್ದರೆ ಕೊನೆಯ ಜಾಲಾಟ ಸಿಹಿನೀರಿನಲ್ಲೇ ಆಗಬೇಕು. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಹೀರುತ್ತ ಕೌದಿಯನ್ನು ಯಾವಾಗಲೂ ಜಿಗುಟಾಗಿಡುತ್ತದೆ, ಬೂಷ್ಟೂ ಬೇಗ ಬರುತ್ತದೆ. ಕಬ್ಬಿಣದ ಕಪಾಟಿನಲ್ಲಿ ಇಡುವುದಾದರೆ ತಗಡಿಗೆ ತಾಗದಂತೆ ಪಂಚೆಯಲ್ಲಿ ಸುತ್ತಿಡಲಿ, ಉಪ್ಪುಗಾಳಿಗೆ ಕಪಾಟಿನ ಒಳಗೂ ತುಕ್ಕು ಬರುತ್ತದೆ. ಮೊದಲ ಒಗೆತವನ್ನು ನೀವೇ ಶಿರಸಿಯಲ್ಲಿ, ನವರಾತ್ರಿಯ ನಂತರದ ಬಿಸಿಲಿನಲ್ಲಿ ಮಾಡಿ ಕಳಿಸಿ. ಒದ್ದೆ ಕೌದಿ ಭಾರವಿರುತ್ತದೆ, ಒಂದೇ ಹಗ್ಗಕ್ಕೆ ಹಾಕಿದರೆ ನಡುವಿನ ಹೊಲಿಗೆ ಜಗ್ಗುತ್ತದೆ, ಎರಡು ಗಳದ ಮೇಲೆ ಅಡ್ಡಲಾಗಿ ಹರಡಿ.